ಧರ್ಮಕೇಂದ್ರದಿಂದ ತಾಲ್ಲೂಕು ಕಚೇರಿಗೆ: ನ್ಯಾಯ ಕೇಳುವ ಮನವಿ ಸಲ್ಲಿಸುವುದು ಹೇಗೆ?

ಮಂತ್ರಿಗಳು ಊರಿಗೆ ಬಂದ ದಿನ ಹಾರ ಹಾಕಿ, ಹನ್ನೊಂದು ಬೇಡಿಕೆಗಳ ಮನವಿ ಪತ್ರವನ್ನು ಕೈಗಿತ್ತು, ಫೋಟೊ ತೆಗೆಸಿಕೊಂಡು ಮನೆಗೆ ಮರಳುವುದನ್ನೇ ನಮ್ಮ ಅನೇಕ ಕಥೋಲಿಕ ಧರ್ಮಕೇಂದ್ರಗಳು (ಒಂದು ಚರ್ಚು ಮತ್ತು ಅದರ ಭಕ್ತ ಸಮುದಾಯ) ಸಾಮಾಜಿಕ ನ್ಯಾಯದ ಕೆಲಸವೆಂದು ತಿಳಿದಿವೆ. ಮೂಡಿಗೆರೆ ಕಡೆಯ ಒಂದು ಧರ್ಮಕೇಂದ್ರದ ಪಾಲನಾ ಮಂಡಳಿಯಲ್ಲಿದ್ದಾಗ ನಾನೂ ಅದನ್ನೇ ಮಾಡಿದ್ದೇನೆ. ಕಾರು ಹೊರಡುವಾಗ ನಮ್ಮ ಪತ್ರ ಹಿಂದಿನ ಸೀಟಿನಲ್ಲಿ, ನಾವೇ ಹಾಕಿದ್ದ ಸೇವಂತಿಗೆ ಹಾರದ ಅಡಿಯಲ್ಲಿ ಒದ್ದೆಯಾಗಿ ಬಿದ್ದಿತ್ತು. ಆ ಮೇಲೆ ಅದರ ಸುದ್ದಿ ಬರಲಿಲ್ಲ. ಕಾಫಿ ತೋಟದ ಲೈನ್ ಮನೆಗಳಲ್ಲಿರುವ (ಆಳುಗಳಿಗಾಗಿ ತೋಟದೊಳಗೇ ಇರುವ ಸಾಲು ಮನೆಗಳು) ಕಾರ್ಮಿಕರಿಗೆ ಸ್ವಂತ ನಿವೇಶನ ಕೇಳುವ ಒಂದೇ ಉದಾಹರಣೆಯನ್ನು ಹಿಡಿದು, ಈ ಕೆಲಸವನ್ನು ಕ್ರಮವಾಗಿ ಮಾಡುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ.

ಚರ್ಚಿಗೆ ಇದೆಲ್ಲ ಏಕೆ ಎಂದು ಕೇಳುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. ಕಾರ್ಮಿಕರ ನ್ಯಾಯವಾದ ಕೂಲಿಯ ಬಗ್ಗೆ ಹದಿಮೂರನೆಯ ಲಿಯೋ ಪೋಪರು 1891ರಲ್ಲೇ ವಿಶ್ವಪತ್ರ (ಇಡೀ ಧರ್ಮಸಭೆಗೆ ಪೋಪರು ಬರೆಯುವ ಪತ್ರ) ಬರೆದರು. ರಾಜಕೀಯ ಕದನ ಧರ್ಮಸಭೆಯ ಕೆಲಸವಲ್ಲವಾದರೂ ನ್ಯಾಯದ ವಿಷಯದಲ್ಲಿ ಅದು ದೂರ ನಿಲ್ಲುವಂತಿಲ್ಲ ಎಂದು ಹದಿನಾರನೆಯ ಬೆನೆಡಿಕ್ಟ್ ಪೋಪರು 2005ರಲ್ಲಿ ಸ್ಪಷ್ಟಪಡಿಸಿದರು. ಸಭೆಯಲ್ಲಿ ಇಷ್ಟು ಹೇಳಿ ಮುಂದಿನ ವಿಷಯಕ್ಕೆ ಹೋಗಿ.

ಮೊದಲ ಹೆಜ್ಜೆ, ಯಾರು ಮುಂದೆ ನಿಲ್ಲಬೇಕು, ಎಲ್ಲಿ ಸೇರಬೇಕು ಎಂಬುದನ್ನು ತೀರ್ಮಾನಿಸುವುದು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 285 ಮತ್ತು 287ನೇ ವಿಧಿಗಳ ಪ್ರಕಾರ ಗುರುಗಳು (ಪಾದ್ರಿಗಳು) ಸರ್ಕಾರದ ಆಡಳಿತಾಧಿಕಾರದ ಹುದ್ದೆಗಳನ್ನು ವಹಿಸಿಕೊಳ್ಳುವಂತಿಲ್ಲ, ರಾಜಕೀಯ ಪಕ್ಷಗಳಲ್ಲಿ ಸಕ್ರಿಯ ಪಾತ್ರ ವಹಿಸುವಂತೆಯೂ ಇಲ್ಲ. ಆದ್ದರಿಂದ ಮನವಿಗೆ ಗೃಹಸ್ಥ ಭಕ್ತರೇ ಸಹಿ ಹಾಕಲಿ. ಫಾದರ್ ಹಿಂದೆ ಇರಲಿ. ಜಾಗದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆ ಕಾಯ್ದೆ, 1988 ಎಂಬ ಕಾನೂನೊಂದಿದೆ ಎಂಬುದು ನಮ್ಮ ಬಹಳಷ್ಟು ಮಂಡಳಿಗಳಿಗೆ ಗೊತ್ತೇ ಇಲ್ಲ. ಧಾರ್ಮಿಕ ಸಂಸ್ಥೆಯ ಆವರಣದಲ್ಲಿ ರಾಜಕೀಯ ಚಟುವಟಿಕೆ ನಡೆಸುವುದನ್ನು ಅದು ನಿಷೇಧಿಸುತ್ತದೆ; ಪಕ್ಷದ ಪ್ರಚಾರ ಮಾತ್ರವಲ್ಲ, ರಾಜಕೀಯ ಸ್ವರೂಪದ ಯಾವುದೇ ಪ್ರಶ್ನೆಗಾಗಿ ಸಭೆ, ಮೆರವಣಿಗೆ, ಹಣ ಸಂಗ್ರಹ ನಡೆಸುವುದೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ; ಶಿಕ್ಷೆ ಐದು ವರ್ಷದವರೆಗಿನ ಜೈಲು ಮತ್ತು 10,000 ರೂಪಾಯಿವರೆಗಿನ ದಂಡ. ಭಾನುವಾರದ ಬಲಿಪೂಜೆ (ಮಾಸ್) ಮುಗಿದ ಕೂಡಲೇ ಬಾಗಿಲಲ್ಲಿ ಮೇಜು ಹಾಕಿ ಸಹಿ ಸಂಗ್ರಹಿಸುವುದು ಸುಲಭದ ದಾರಿಯೆಂದು ಎಲ್ಲರಿಗೂ ತೋರುತ್ತದೆ. ಅದನ್ನು ಮಾಡಬೇಡಿ. ಪಂಚಾಯಿತಿಯ ಸಮುದಾಯ ಭವನದಲ್ಲೋ ಯಾರಾದರೂ ಒಬ್ಬರ ಮನೆಯ ಅಂಗಳದಲ್ಲೋ ಸೇರಿ. ವಿದೇಶಿ ದೇಣಿಗೆ ಬರುವ ಖಾತೆಯ ಒಂದು ರೂಪಾಯಿಯನ್ನೂ ಇದಕ್ಕೆ ಮುಟ್ಟಬೇಡಿ. ಚುನಾವಣೆ ಘೋಷಣೆಯಾದರೆ ಫಲಿತಾಂಶ ಬರುವವರೆಗೆ ಕೆಲಸ ನಿಲ್ಲಿಸಿ. ಧರ್ಮದ ಹೆಸರಿನಲ್ಲಿ ಮತ ಕೇಳುವುದು ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಕಲಮಿನ ಪ್ರಕಾರ ಭ್ರಷ್ಟ ಆಚರಣೆ, ಮತದಾರರ ಧರ್ಮಕ್ಕೂ ಈ ಮಾತು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ.

ಎರಡನೆಯದು, ಕೇಳಿಸಿಕೊಳ್ಳುವುದು. ಚಿಕ್ಕಮಗಳೂರು ಧರ್ಮಕ್ಷೇತ್ರದ (ಒಬ್ಬ ಬಿಷಪರ ಆಡಳಿತದ ಪ್ರದೇಶ) ವ್ಯಾಪ್ತಿಯಲ್ಲಿ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳಿವೆ. ಮಲೆನಾಡಿನ ಭಾಗದಲ್ಲಿ ತೋಟದ ಮಾಲೀಕರು ಮುಂದಿನ ಬೆಂಚಿನಲ್ಲೂ ಅದೇ ತೋಟದ ಆಳುಗಳು ಹಿಂದಿನ ಬೆಂಚಿನಲ್ಲೂ ಕುಳಿತು ಒಂದೇ ಪೂಜೆಯಲ್ಲಿ ಭಾಗವಹಿಸುವುದು ಹೊಸದೇನಲ್ಲ. ಮಾಲೀಕರು ಎದುರಿಗಿದ್ದರೆ ಯಾವ ಆಳೂ ಬಾಯಿ ಬಿಡುವುದಿಲ್ಲ. ಆದ್ದರಿಂದ ಮೊದಲ ಎರಡು ಸಭೆಗಳು ಲೈನಿನಲ್ಲೇ, ಸಂಜೆ ಆರರ ನಂತರ, ಹೆಂಗಸರು ಅಡುಗೆಗೆ ಇಡುವ ಮೊದಲು ನಡೆಯಲಿ. ನಾನು ಹೋದ ಒಂದು ಲೈನಿನಲ್ಲಿ ನಿವೃತ್ತಿಯಾದ ಅಮ್ಮ ಒಬ್ಬರು ತಮ್ಮ ಪಾತ್ರೆಗಳನ್ನು ಆಗಲೇ ಗೊಬ್ಬರದ ಚೀಲಕ್ಕೆ ತುಂಬಿ ಬಾಗಿಲ ಹಿಂದೆ ಇಟ್ಟುಕೊಂಡಿದ್ದರು; ಕೆಲಸ ಬಿಟ್ಟವರು ಮನೆಯನ್ನೂ ಬಿಡಬೇಕೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ಮಾತಾಗಿರಲಿಲ್ಲ. ಲೈನಿನಲ್ಲಿರುವ ಹಿಂದೂ, ಮುಸ್ಲಿಂ ಮನೆಗಳನ್ನು ಬಿಟ್ಟು ಕ್ರೈಸ್ತರ ಪಟ್ಟಿ ಮಾತ್ರ ಮಾಡಿದರೆ ಅದು ನ್ಯಾಯದ ಕೆಲಸವಾಗುವುದಿಲ್ಲ, ಅಧಿಕಾರಿಯೂ ಅದನ್ನು ನೋಡಿದ ಕೂಡಲೇ ಬದಿಗಿಡುತ್ತಾರೆ.

ಮೂರನೆಯ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುವುದು. ಏನನ್ನು, ಯಾರನ್ನು ಕೇಳಬೇಕೆಂದು ತಿಳಿಯದೆ ಅರ್ಜಿ ಹಾಕುತ್ತಾರೆ. ಲೈನ್ ಮನೆಗಳವರಿಂದ ಕರ್ನಾಟಕ ಭೂಕಂದಾಯ ಕಾಯ್ದೆಯ 94ಸಿ ಕಲಮಿನ ಅಡಿಯಲ್ಲಿ ಅರ್ಜಿ ಹಾಕಿಸಿ ತಿಂಗಳುಗಟ್ಟಲೆ ಕಾದವರನ್ನು ನೋಡಿದ್ದೇನೆ. 94ಸಿ ಇರುವುದು ಸರ್ಕಾರಿ ಜಮೀನಿನಲ್ಲಿ ಮನೆ ಕಟ್ಟಿಕೊಂಡವರಿಗೆ. ಲೈನ್ ಇರುವುದು ಖಾಸಗಿ ತೋಟದಲ್ಲಿ. ಇವರಿಗೆ ಬೇಕಾದದ್ದು ಎರಡು: ನಿವೇಶನರಹಿತರ ಪಟ್ಟಿಯಲ್ಲಿ ಹೆಸರು ಮತ್ತು ನಿವೇಶನಕ್ಕೆ ಜಮೀನು. ಹೆಸರು ಗ್ರಾಮಸಭೆಯಲ್ಲಿ ಆಗಬೇಕು, ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು. ಅಲ್ಲಿಗೆ ಎಲ್ಲರೂ ಹೋಗಿ ಕುಳಿತರೆ ಆ ಕೆಲಸ ಅರ್ಧ ದಿನದ್ದು. ಕಷ್ಟವಿರುವುದು ಜಮೀನಿನಲ್ಲಿ. ತಹಶೀಲ್ದಾರರು ಜಮೀನು ಗುರುತಿಸಿ ಪ್ರಸ್ತಾವ ಕಳಿಸಬೇಕು, ಜಿಲ್ಲಾಧಿಕಾರಿ ಕಾಯ್ದಿರಿಸಬೇಕು. ಆದರೆ ಮಲೆನಾಡಿನಲ್ಲಿ ಖಾಲಿ ಕಂಡ ಜಾಗವೆಲ್ಲ ಡೀಮ್ಡ್ ಫಾರೆಸ್ಟ್ (ಅಧಿಸೂಚನೆಯಾಗದಿದ್ದರೂ ಅರಣ್ಯವೆಂದೇ ಪರಿಗಣಿಸುವ ಜಾಗ) ಅಥವಾ ಸಿ ಅಂಡ್ ಡಿ ಜಮೀನು (ಸಾಗುವಳಿಗೆ ಯೋಗ್ಯವಲ್ಲವೆಂದು ವರ್ಗೀಕರಿಸಿದ ಸರ್ಕಾರಿ ಜಮೀನು) ಎಂಬ ಉತ್ತರವೇ ಬರುತ್ತದೆ. ಹಾಗಾಗಿ ಮನವಿ ಬರೆಯುವ ಮೊದಲೇ ಪಹಣಿ ತೆಗೆಸಿ, 9ನೇ ಕಾಲಮಿನಲ್ಲಿ ಯಾರ ಹೆಸರಿದೆ, 11ನೇ ಕಾಲಮಿನಲ್ಲಿ ಏನು ನಮೂದಾಗಿದೆ ಎಂದು ನೋಡಿಕೊಳ್ಳಿ.

ಇನ್ನು ಬರೆಯುವುದು. ‘ಬಡ ಕಾರ್ಮಿಕರಿಗೆ ನ್ಯಾಯ ಒದಗಿಸುವ ಬಗ್ಗೆ’ ಎಂಬ ವಿಷಯ ಸಾಲನ್ನು ಓದಿದ ಗುಮಾಸ್ತರಿಗೆ ಆ ಕಾಗದ ಯಾವ ಟೇಬಲ್ಲಿಗೆ ಹೋಗಬೇಕೆಂಬುದೇ ತಿಳಿಯುವುದಿಲ್ಲ. ‘ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಜಮೀನನ್ನು ನಿವೇಶನಕ್ಕೆ ಕಾಯ್ದಿರಿಸಲು ಅರಣ್ಯ ಮತ್ತು ಕಂದಾಯ ಇಲಾಖೆಗಳ ಜಂಟಿ ಸರ್ವೆ ನಡೆಸುವ ಬಗ್ಗೆ’ ಎಂದು ಬರೆದರೆ ಕಾಗದ ತಾನಾಗಿ ಸರಿಯಾದ ಕಡತಕ್ಕೆ ಹೋಗುತ್ತದೆ. ಒಂದು ಮನವಿಗೆ ಒಂದೇ ಬೇಡಿಕೆ ಇರಲಿ. ಆನೆ ಹಾವಳಿ, ರಸ್ತೆ, ಸ್ಮಶಾನದ ಜಾಗ ಇವೆಲ್ಲ ನಿಜವಾದ ಕಷ್ಟಗಳೇ, ಆದರೆ ಬೇರೆ ಬೇರೆ ಇಲಾಖೆಗಳ ಕಷ್ಟಗಳು. ಒಂದೇ ಹಾಳೆಗೆ ತುಂಬಿದರೆ ಪ್ರತಿಯೊಬ್ಬರೂ ತಮ್ಮದಲ್ಲವೆಂದು ಪಕ್ಕಕ್ಕೆ ಸರಿಸುತ್ತಾರೆ. ಬೈಬಲಿನ ವಾಕ್ಯ ಬೇಡ. ಎರಡನೇ ಪುಟ ಬೇಡ. ಡಿಟಿಪಿ ಅಂಗಡಿಯವರ ಕಂಪ್ಯೂಟರಿನಲ್ಲಿರುವ ಹಳೆಯ ನಮೂನೆಯನ್ನಂತೂ ಮುಟ್ಟಲೇಬೇಡಿ. ಬೇರೆ ತಾಲ್ಲೂಕಿನ ಹೆಸರು ಅದರಲ್ಲಿ ಉಳಿದುಹೋಗಿ ನಗೆಪಾಟಲಾದ ಮನವಿಯೊಂದು ನನ್ನ ಬಳಿ ಈಗಲೂ ಇದೆ. ಸಹಿಯ ಹಾಳೆಗಳಲ್ಲಿ ಹೆಸರು, ಲೈನಿನ ಹೆಸರು, ಮತದಾರರ ಪಟ್ಟಿಯ ಕ್ರಮಸಂಖ್ಯೆ ಈ ಮೂರು ಇದ್ದರೆ ನಲವತ್ತು ಸಹಿ ಸಾಕು. ಮೊಬೈಲಿನಲ್ಲಿ ಗುಂಡಿ ಒತ್ತಿಸಿ ಸಂಗ್ರಹಿಸುವ ನಾಲ್ಕು ಸಾವಿರ ಬೆಂಬಲಕ್ಕೆ ತಾಲ್ಲೂಕು ಕಚೇರಿಯಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಹೆಬ್ಬೆಟ್ಟು ಒತ್ತಿದವರ ಪಕ್ಕದಲ್ಲಿ ಹೆಸರು ಬರೆದವರ ಸಹಿಯೂ ಇರಬೇಕು. ಬಾಲ್ ಪೆನ್ನನ್ನೇ ಬಳಸಿ. ಜುಲೈ ಮಳೆಯಲ್ಲಿ ಬಸ್ಸಿಳಿದು ಕಚೇರಿ ಮುಟ್ಟುವಷ್ಟರಲ್ಲಿ ಜೆಲ್ ಪೆನ್ನಿನ ಸಹಿಗಳು ನೀಲಿ ಕಲೆಗಳಾಗಿರುತ್ತವೆ.

ಮೂರು ಪ್ರತಿ ಮಾಡಿ ಟಪಾಲು ವಿಭಾಗಕ್ಕೆ ಕೊಡಿ, ಅಧಿಕಾರಿಯ ಕೈಗಲ್ಲ. ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆ ಬೀಳುವವರೆಗೆ ಕಿಟಕಿ ಬಿಟ್ಟು ಕದಲಬೇಡಿ. ‘ಇಟ್ಟು ಹೋಗಿ, ಸಾಹೇಬರು ನೋಡುತ್ತಾರೆ’ ಎಂದರೆ ನಿಂತೇ ಇರಿ. ಶಾಸಕರಿಗೆ ಒಂದು ಪ್ರತಿಯನ್ನು ಆ ಮೊಹರಿನ ಸಮೇತ ಕೊಟ್ಟರೆ ಅವರಿಗೂ ಕೇಳಲು ಒಂದು ಸಂಖ್ಯೆ ಸಿಗುತ್ತದೆ. ಎಲ್ಲ ಪಕ್ಷದವರಿಗೂ ಅದೇ ಪ್ರತಿ ಹೋಗಲಿ.

ಒಂದೂವರೆ ತಿಂಗಳು ಕಳೆದರೂ ಸುದ್ದಿಯಿಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದಗಳೊಳಗೆ. ಏಕೆ ಮಾಡಲಿಲ್ಲ ಎಂದು ಕೇಳಿದರೆ ಉತ್ತರಿಸುವ ಬಾಧ್ಯತೆ ಅವರಿಗಿಲ್ಲ. ಸ್ವೀಕೃತಿ ಸಂಖ್ಯೆ ಬರೆದು, ಆ ಮನವಿಯ ಕಡತದ ಟಿಪ್ಪಣಿ ಹಾಳೆಗಳ ನಕಲು ಕೊಡಿ ಎಂದು ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ನಕಲು ಕೇಳಿದ ವಾರದಲ್ಲೇ ಮಲಗಿದ್ದ ಕಡತ ಎದ್ದು ಕೂತದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಜಂಟಿ ಸರ್ವೆಯ ದಿನ ಗೊತ್ತಾದ ಮೇಲೆ, ಆ ಜಾಗದ ಹಳೆಯ ಗಡಿ ಕಲ್ಲುಗಳನ್ನು ಬಲ್ಲ ಹಿರಿಯರೊಬ್ಬರನ್ನು ಬೆಳಿಗ್ಗೆ ಎಂಟಕ್ಕೇ ಕರೆತಂದು ಕೂರಿಸಿ, ಕುರುಚಲು ಸವರಲು ಇಬ್ಬರು ಕತ್ತಿ ಹಿಡಿದು ಬರಲಿ. ಸರ್ವೆಯರು ಬಂದು ಕಲ್ಲು ಕಾಣದೆ ಹಿಂತಿರುಗಿದರೆ ಮುಂದಿನ ದಿನಾಂಕ ಮಳೆಗಾಲ ಕಳೆದ ಮೇಲೆಯೇ.