ಮಹಾಯಾಜಕನ ಉಡುಪು ಹೊಲಿದು ನಾನು ಕಲಿತದ್ದು

ಬೈಬಲಿನ ವಿಮೋಚನಕಾಂಡದ 28ನೇ ಅಧ್ಯಾಯವನ್ನು ನಾನು ಹೊಲಿಗೆಯವಳ ಕಣ್ಣಿನಿಂದ ಓದಿದವಳು. ಮಹಾಯಾಜಕ ಅಂದರೆ ಯೆಹೂದಿಗಳ ಪೂರ್ವಜರಾದ ಇಸ್ರಾಯೇಲ್ಯರ ಯಾಜಕರಲ್ಲಿ ಮುಖ್ಯನಾದವನು. ನಮ್ಮ ಸಭೆಯ ಬೈಬಲ್ ಅಧ್ಯಯನದ ಗುಂಪಿಗೆ ಮಹಾಯಾಜಕನ ಉಡುಪಿನ ಪೂರ್ತಿ ಮಾದರಿಯೊಂದು ಬೇಕಿತ್ತು. ಚಿತ್ರ ತೋರಿಸಿದರೆ ಸಾಕು ಅಂತ ಕೆಲವರು ಹೇಳಿದರು. ನನಗೆ ಸಾಲದು ಅನ್ನಿಸಿತು. ಯಾವುದರ ಮೇಲೆ ಯಾವುದು ಬರುತ್ತದೆ, ಭಾರ ಎಲ್ಲಿ ಬೀಳುತ್ತದೆ, ಯಾವುದನ್ನು ಯಾವುದಕ್ಕೆ ಕಟ್ಟಿದ್ದಾರೆ, ಇದೆಲ್ಲ ಚಿತ್ರದಲ್ಲಿ ತಿಳಿಯುವುದಿಲ್ಲ. ಈ ಉಡುಪಿನ ಅರ್ಥ ಬಹುಪಾಲು ಇರುವುದೇ ಅಲ್ಲಿ.

28ನೇ ಅಧ್ಯಾಯದಲ್ಲಿ ಅಪ್ಪಣೆ ಇದೆ, 39ರಲ್ಲಿ ಕೆಲಸ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಪಟ್ಟಿ ಮಾಡಿದೆ. ಸಾಮಾನ್ಯ ಯಾಜಕರಿಗೆ ನಾಲ್ಕು ಬಟ್ಟೆ: ಒಳಚಡ್ಡಿ, ಅಂಗಿ, ನಡುಕಟ್ಟು, ತಲೆಯ ಬಟ್ಟೆ. ಮಹಾಯಾಜಕನಿಗೆ ಇವುಗಳ ಜೊತೆ ಇನ್ನೂ ನಾಲ್ಕು: ನೀಲಿ ನಿಲುವಂಗಿ, ಅದರ ಮೇಲೆ ತೊಡುವ ಹೆಗಲ ಪಟ್ಟಿಗಳಿರುವ ಏಫೋದು, ಕಲ್ಲುಗಳನ್ನು ಕೂರಿಸಿದ ಬಟ್ಟೆಯ ಎದೆಪದಕ, ಮುಂಡಾಸಿನ ಮೇಲಿನ ಚಿನ್ನದ ಪಟ್ಟಿ. ಒಟ್ಟು ಎಂಟು. ಇಷ್ಟಕ್ಕೆಲ್ಲ ಅಂಕಿಯಲ್ಲಿ ಕೊಟ್ಟಿರುವ ಅಳತೆ ಒಂದೇ. ಎದೆಪದಕ ಗೇಣುದ್ದ, ಗೇಣಗಲ ಇರಬೇಕು, ಎರಡು ಪದರವಾಗಿ ಮಡಚಿರಬೇಕು. ಉಳಿದದ್ದನ್ನು ಹೊಲಿಯುವವರ ಬುದ್ಧಿಗೆ ಬಿಟ್ಟಿದೆ. ಆ ಬುದ್ಧಿಯನ್ನೂ ದೇವರೇ ಕೊಟ್ಟದ್ದು ಅನ್ನುತ್ತದೆ 28ನೇ ಅಧ್ಯಾಯದ ಮೂರನೇ ವಚನ. ಹೊಲಿಗೆ ಕೆಲಸ ಮಾಡುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಏಫೋದಿನಿಂದ ಶುರು ಮಾಡಿದೆ. ಅದಕ್ಕೆ ಐದು ವಸ್ತು ಬೇಕು: ಚಿನ್ನ, ನೀಲಿ ದಾರ, ಧೂಮ್ರ ಅಂದರೆ ನೇರಳೆ ದಾರ, ಕಡುಗೆಂಪು ದಾರ, ಅಗಸೆ ನಾರಿನ ನಯವಾದ ಬಟ್ಟೆ. ಅಗಸೆ ನಾರು ಅಂದರೆ ಅಂಗಡಿಯವರು ಲಿನನ್ ಅನ್ನುವುದೇ. ಚಿನ್ನವನ್ನು ಬಡಿದು ತೆಳ್ಳಗಿನ ತಗಡು ಮಾಡಿ, ಎಳೆಎಳೆಯಾಗಿ ಕತ್ತರಿಸಿ, ಬಣ್ಣದ ದಾರಗಳ ನಡುವೆ ಸೇರಿಸಿದರು ಅಂತ 39ನೇ ಅಧ್ಯಾಯ ಹೇಳುತ್ತದೆ. ಯೆಹೂದಿ ಪರಂಪರೆಯಲ್ಲಿ ಇದಕ್ಕೆ ಲೆಕ್ಕವೂ ಇದೆ. ಪ್ರತಿ ಬಣ್ಣದ ಆರು ಎಳೆಗೆ ಒಂದು ಚಿನ್ನದ ಎಳೆ. ನಾವು ಕಸೂತಿಗೆ ಬಳಸುವ ದಾರವನ್ನು ಬಿಡಿಸಿದರೆ ಅದರಲ್ಲೂ ಸಾಮಾನ್ಯವಾಗಿ ಆರು ಎಳೆ ಇರುತ್ತದೆ. ಅದಕ್ಕೆ ಒಂದು ಜರಿ ಎಳೆ ಸೇರಿಸಿ ಹೆಣೆದೆ. ದೂರದಿಂದ ನೋಡಿದರೆ ಜರಿ ಬೇರೆಯಾಗಿ ಕಾಣುವುದಿಲ್ಲ. ಬಣ್ಣಕ್ಕೇ ಒಳಗಿನಿಂದ ಹೊಳಪು ಬಂದಿದೆ ಅನ್ನಿಸುತ್ತದೆ.

ಇಸ್ರಾಯೇಲ್ಯರ ಆರಾಧನೆಯ ಜಾಗವಾದ ದೇವದರ್ಶನದ ಗುಡಾರದಲ್ಲಿ, ಅದರ ಅತಿ ಒಳಗಿನ ಕೋಣೆಯಾದ ಮಹಾಪವಿತ್ರಸ್ಥಳದ ಮುಂದೆ ತೂಗುಹಾಕಿದ್ದ ತೆರೆಯೂ ಇವೇ ಮೂರು ಬಣ್ಣ, ಇದೇ ನಾರುಬಟ್ಟೆ. ಆ ತೆರೆಯ ವಿವರಣೆಯಲ್ಲಿ ಚಿನ್ನದ ಎಳೆ ಇಲ್ಲ, ವಸ್ತುಗಳಲ್ಲಿ ಅಷ್ಟೇ ವ್ಯತ್ಯಾಸ. ಅಂದರೆ ಯಾಜಕ ತೊಟ್ಟಿರುವುದು ಗುಡಾರದ್ದೇ ಬಟ್ಟೆ. ಅವನು ಹೊರಗೆ ಜನರ ಮುಂದೆ ನಿಂತಾಗ, ಒಳಗೆ ಹೋಗಲಾಗದವರೂ ಪವಿತ್ರಸ್ಥಳದ ಒಂದು ಭಾಗವನ್ನು ನೋಡುತ್ತಿದ್ದರು. ಇನ್ನೊಂದು ವಿಷಯ. ಉಣ್ಣೆಯನ್ನೂ ನಾರನ್ನೂ ಬೆರೆಸಿದ ಬಟ್ಟೆಯನ್ನು ಇಸ್ರಾಯೇಲ್ಯರು ತೊಡಬಾರದು ಅಂತ ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿದೆ. ಏಫೋದಿನ ಬಣ್ಣದ ದಾರಗಳು ಉಣ್ಣೆಯವು ಅಂತ ಯೆಹೂದಿ ಪರಂಪರೆ ನಂಬುತ್ತದೆ. ಹಾಗಿದ್ದರೆ ಉಳಿದವರಿಗೆ ಬೇಡವೆಂದ ಬೆರಕೆಯೇ ಇಲ್ಲಿದೆ. ಆ ಬೆರಕೆ ಕೆಟ್ಟದ್ದು ಅಂತ ನಿಷೇಧವಾಗಿರಲಿಲ್ಲ, ದೇವರ ಸೇವೆಗೆ ಎತ್ತಿಟ್ಟದ್ದು ಅಂತ ನಿಷೇಧವಾಗಿತ್ತು. ನಾನು ಓದಿಕೊಳ್ಳುವುದು ಹೀಗೆ.

ಬಣ್ಣಗಳ ಬಗ್ಗೆ ಸ್ವಲ್ಪ ಹೇಳಬೇಕು. ಆ ಕಾಲದ ನೀಲಿ ಮತ್ತು ಧೂಮ್ರ ಬರುತ್ತಿದ್ದದ್ದು ಮೆಡಿಟರೇನಿಯನ್ ಸಮುದ್ರದ ಮ್ಯೂರೆಕ್ಸ್ ಎಂಬ ಶಂಖದ ಹುಳುವಿನಿಂದ ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಕಡುಗೆಂಪು ಬರುತ್ತಿದ್ದದ್ದು ಮರದ ಮೇಲಿನ ಕೀಟದಿಂದ. ಇಸ್ರೇಲಿನ ತಿಮ್ನಾ ಕಣಿವೆಯಲ್ಲಿ ಸಿಕ್ಕ, ಸುಮಾರು 3000 ವರ್ಷ ಹಳೆಯ ಧೂಮ್ರ ಬಣ್ಣದ ಬಟ್ಟೆಯ ಚೂರುಗಳ ಸುದ್ದಿ 2021ರಲ್ಲಿ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ಮಾದರಿಗೆ ನಾನು ನೀಲಿಗಿಡದ ಬಣ್ಣ ಹಾಕಿದ ಉಣ್ಣೆ ದಾರ ಬಳಸಿದೆ. ಶಂಖದ ಹುಳುವಿನ ಬಣ್ಣವನ್ನು ಬಿಸಿಲಿಗೆ ಒಡ್ಡಿದರೆ ಸಿಗುವ ನೀಲಿಯೂ ರಾಸಾಯನಿಕವಾಗಿ ಇದೇ ಇಂಡಿಗೋ. ಆದರೆ ಪೂಜೆಗೆ ಸಂಬಂಧಿಸಿದ ವಸ್ತುಗಳಲ್ಲಿ ಯೆಹೂದಿಗಳು ಗಿಡದ ನೀಲಿಯನ್ನು ಒಪ್ಪುವುದಿಲ್ಲ. ನಮ್ಮದು ಪಾಠಕ್ಕೆ ಮಾಡಿದ ಮಾದರಿ, ಹಾಗಾಗಿ ನಡೆಯುತ್ತದೆ.

ಒಂದನೇ ಶತಮಾನದ ಇತಿಹಾಸಕಾರ ಜೋಸೆಫಸ್ ಯಾಜಕರ ಮನೆತನದವನು. ಅವನು ಈ ಉಡುಪಿನಲ್ಲಿ ಇಡೀ ಜಗತ್ತನ್ನೇ ನೋಡಿದ. ನಾರು ಭೂಮಿ, ಧೂಮ್ರ ಸಮುದ್ರ, ನೀಲಿ ಗಾಳಿ, ಕೆಂಪು ಬೆಂಕಿ. ಚೆನ್ನಾಗಿದೆ ಅಲ್ವಾ? ಆದರೂ ನಾನು ಪಾಠದಲ್ಲಿ ಇದನ್ನು ಎರಡನೇ ಸಾಲಿನಲ್ಲಿಡುತ್ತೇನೆ. ಪಠ್ಯ ತಾನೇ ಬಾಯಿಬಿಟ್ಟು ಹೇಳುವ ಅರ್ಥಕ್ಕೆ ಮೊದಲ ಜಾಗ.

ಅದು ಹೆಸರುಗಳ ವಿಷಯ. ಏಫೋದಿನ ಎರಡು ಹೆಗಲ ಪಟ್ಟಿಗಳ ಮೇಲೆ ಎರಡು ಗೋಮೇಧಕ ಕಲ್ಲುಗಳು. ಒಂದೊಂದರ ಮೇಲೆ ಆರಾರು ಹೆಸರು. ಇಸ್ರಾಯೇಲ್ಯರ ಮೂಲಪುರುಷ ಯಾಕೋಬನ ಹನ್ನೆರಡು ಮಕ್ಕಳ ಹೆಸರನ್ನು ಹುಟ್ಟಿದ ಕ್ರಮದಲ್ಲಿ, ಮುದ್ರೆ ಕೆತ್ತುವ ಹಾಗೆ ಕೆತ್ತಬೇಕು. ಮಸಿಯಲ್ಲಿ ಬರೆದಿದ್ದರೆ ಅಳಿಸಬಹುದು, ಕೆತ್ತಿದ್ದನ್ನು ಅಳಿಸಲಾಗದು. ನಾನು ಗಾಜಿನ ಕಲ್ಲುಗಳ ಮೇಲೆ ಕನ್ನಡದಲ್ಲಿ ಒಂದೊಂದಾಗಿ ಕೊರೆಯುತ್ತಾ ಹೋದಾಗ ಈ ಕ್ರಮ ಮನಸ್ಸಿಗೆ ತಟ್ಟಿತು. ರೂಬೇನ ತಂದೆಗೆ ಅವಮಾನ ಮಾಡಿ ಹಿರಿಯತನ ಕಳೆದುಕೊಂಡವನು. ಆದರೂ ಇಲ್ಲಿ ಅವನ ಹೆಸರೇ ಮೊದಲು. ಸಿಮೆಯೋನ, ಲೇವಿ ಇಬ್ಬರ ಕೋಪವನ್ನು ಯಾಕೋಬ ಸಾಯುವ ಹೊತ್ತಿನಲ್ಲಿ ಶಪಿಸಿದ. ಅವರ ಹೆಸರೂ ಇದೆ. ದಾನ, ನಫ್ತಾಲಿ, ಗಾದ, ಆಶೇರ ದಾಸಿಯರ ಮಕ್ಕಳು. ಅವರಿಗೆ ಅಂತ ಬೇರೆ ಕಲ್ಲಿಲ್ಲ.

ಇದೇ ಹೆಸರುಗಳು ಎದೆಪದಕದ ಮೇಲೂ ಬರುತ್ತವೆ. ಈ ಸಲ ಒಬ್ಬೊಬ್ಬರಿಗೆ ಒಂದೊಂದು ಕಲ್ಲು, ಮೂರರಂತೆ ನಾಲ್ಕು ಸಾಲು. ಹೆಗಲ ಮೇಲೆ ಎಲ್ಲರೂ ಒಟ್ಟಾಗಿ, ಎದೆಯ ಮೇಲೆ ಒಬ್ಬೊಬ್ಬರಾಗಿ. ಕಲ್ಲುಗಳು ಬೇರೆಬೇರೆ ಬಣ್ಣದವು. ಯಾವ ಕಲ್ಲಿಗೆ ಯಾವ ಗುಣ ಅಂತ ದೊಡ್ಡ ಪಟ್ಟಿ ಕೊಡುವವರಿದ್ದಾರೆ. ನಾನು ಕೊಡುವುದಿಲ್ಲ. ಪಠ್ಯ ಕೊಟ್ಟಿಲ್ಲ, ನಾವು ಸುಮ್ನೆ ಸೇರಿಸಿದರೆ ಇರುವ ಅರ್ಥ ಮರೆಯಾಗುತ್ತದೆ. ಮೊದಲ ಮಹಾಯಾಜಕ ಆರೋನ ಪವಿತ್ರಸ್ಥಳಕ್ಕೆ ಹೋಗುವಾಗ ಇಸ್ರಾಯೇಲ್ಯರ ಹೆಸರುಗಳನ್ನು ಹೃದಯದ ಮೇಲೆ ಹೊತ್ತುಕೊಂಡು ಹೋಗಬೇಕು ಅಂತ 29ನೇ ವಚನ ಸ್ಪಷ್ಟವಾಗಿ ಹೇಳುತ್ತದೆ.

ಜೋಡಣೆಯಲ್ಲಿ ನನಗೆ ಜಾಸ್ತಿ ಹೊತ್ತು ಹಿಡಿಯಿತು. ಎದೆಪದಕದ ಮೇಲಿನ ಎರಡು ಬಳೆಗಳಿಂದ ಹೊರಟ ಹೆಣೆದ ಸರಪಣಿಗಳು ಹೆಗಲ ಪಟ್ಟಿಗಳಿಗೆ ಸೇರುತ್ತವೆ. ಕೆಳಗಿನ ಬಳೆಗಳನ್ನು ನೀಲಿ ದಾರದಿಂದ ಏಫೋದಿನ ನಡುಪಟ್ಟಿಯ ಮೇಲ್ಭಾಗಕ್ಕೆ ಕಟ್ಟಬೇಕು. ಪದಕ ಏಫೋದನ್ನು ಬಿಟ್ಟು ಕದಲಬಾರದು ಅಂತ ಕಾರಣವನ್ನೂ ಕೊಟ್ಟಿದೆ. ಒಬ್ಬರಿಗೆ ತೊಡಿಸಿ ನೋಡಿದಾಗ ಇದರ ಲೆಕ್ಕ ತಿಳಿಯಿತು. ಎದೆಯ ಕಲ್ಲುಗಳ ಭಾರವೆಲ್ಲ ಸರಪಣಿಯ ಮೂಲಕ ಹೆಗಲಿಗೆ ಹೋಗುತ್ತದೆ. ಕೆಳಗಿನ ದಾರ ಇಲ್ಲದಿದ್ದರೆ ಅವನು ಬಗ್ಗಿದ ಕೂಡಲೇ ಪದಕ ಎದೆಯಿಂದ ದೂರ ತೂಗಾಡುತ್ತದೆ. ಯಾಜಕನ ಕೆಲಸ ಬಗ್ಗುವುದು, ಎತ್ತುವುದು. ಅಂಥ ಕೆಲಸದ ನಡುವೆಯೂ ಜನರ ಹೆಸರು ಹೃದಯದಿಂದ ಸರಿಯಬಾರದು. ಪದಕದ ಮಡಿಕೆಯೊಳಗೆ ಊರೀಮ್ ತುಮ್ಮೀಮ್ ಇರುತ್ತಿದ್ದವು, ಅವುಗಳಿಂದ ದೇವರ ತೀರ್ಮಾನ ಕೇಳುತ್ತಿದ್ದರು. ಹೊರಗೆ ಜನರ ಹೆಸರು, ಒಳಗೆ ಅವರ ಬಗ್ಗೆ ದೇವರ ತೀರ್ಪು. ಇಷ್ಟು ಬೆಲೆಬಾಳುವ ಉಡುಪು ತೊಟ್ಟವನಿಗಾಗಿ ಮಾಡಿದ್ದಲ್ಲ, ಅವನು ಹೊತ್ತವರಿಗಾಗಿ ಮಾಡಿದ್ದು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಆ ಅಷ್ಟೂ ಕಲ್ಲುಗಳಲ್ಲಿ ಆರೋನನ ಹೆಸರು ಎಲ್ಲೂ ಇಲ್ಲ.

ನೀಲಿ ನಿಲುವಂಗಿ ಏಫೋದಿನ ಒಳಗೆ ಬರುತ್ತದೆ. ಪೂರ್ತಿ ನೀಲಿ. ಅರಣ್ಯಕಾಂಡದ 15ನೇ ಅಧ್ಯಾಯದಲ್ಲಿ ಪ್ರತಿಯೊಬ್ಬ ಇಸ್ರಾಯೇಲ್ಯನೂ ಬಟ್ಟೆಯ ಮೂಲೆಯ ಗೊಂಡೆಯಲ್ಲಿ ಒಂದು ನೀಲಿ ದಾರ ಇಟ್ಟುಕೊಳ್ಳಬೇಕು ಅಂತಿದೆ. ಮಹಾಯಾಜಕನ ಮೈತುಂಬ ಇರುವ ಬಣ್ಣದ ಒಂದು ಎಳೆ ಹೊಲದಲ್ಲಿ ದುಡಿಯುವವನ ಬಟ್ಟೆಯಲ್ಲೂ ಇತ್ತು. ಇದನ್ನು ಹೇಳಿದಾಗ ನಮ್ಮ ಗುಂಪಿನವರ ಮುಖ ಅರಳುವುದನ್ನು ಪ್ರತಿ ಸಲವೂ ನೋಡಿದ್ದೇನೆ.

ಇದರ ಕುತ್ತಿಗೆಗೆ ಸುತ್ತಲೂ ಗಟ್ಟಿ ಅಂಚು ಇರಬೇಕು, ಹರಿಯಬಾರದು ಅನ್ನುತ್ತದೆ ಪಠ್ಯ. ಹೊಲಿಯುವವರಿಗೆ ಇದು ದಿನದ ಮಾತು. ತಲೆ ತೂರಿಸುವ ಜಾಗವೇ ಮೊದಲು ಹರಿಯುವುದು. ನಾನು ಒಳಗೆ ಎರಡು ಪದರ ಪಟ್ಟಿ ಕೊಟ್ಟು ಒತ್ತಾಗಿ ಹೊಲಿದೆ. ಆದರೆ ಇದನ್ನು ಯಾಜಕಕಾಂಡದ ಜೊತೆ ಓದಬೇಕು. ಆ ಜನ ದುಃಖ ಬಂದಾಗ ಬಟ್ಟೆ ಹರಿದುಕೊಳ್ಳುತ್ತಿದ್ದರು. ಮಹಾಯಾಜಕ ಹರಿದುಕೊಳ್ಳಬಾರದು ಅಂತ 21ನೇ ಅಧ್ಯಾಯದಲ್ಲಿದೆ. 10ನೇ ಅಧ್ಯಾಯದಲ್ಲಿ ಆರೋನನ ಇಬ್ಬರು ಮಕ್ಕಳು ನಾದಾಬ, ಅಬೀಹು ದೇವರ ಸನ್ನಿಧಿಯಲ್ಲೇ ಸತ್ತರು. ಆರೋನ ಮೌನವಾಗಿದ್ದ. ಬಟ್ಟೆ ಹರಿದುಕೊಳ್ಳಬೇಡ ಅಂತ ಅವನ ತಮ್ಮ, ಇಸ್ರಾಯೇಲ್ಯರ ನಾಯಕ ಮೋಶೆ ಹೇಳಿದ. ಆ ಉಡುಪಿನಲ್ಲಿ ಇದ್ದಷ್ಟು ಹೊತ್ತು ಅವನು ತನ್ನ ದುಃಖಕ್ಕೂ ಸೇರಿದವನಲ್ಲ. ನನಗೆ ಈ ಭಾಗ ಇವತ್ತಿಗೂ ಕಷ್ಟವೇ. ಪಾಠದಲ್ಲಿ ಇಲ್ಲಿಗೆ ಬಂದಾಗ ಬೇಗ ಮುಂದೆ ಹೋಗುವುದಿಲ್ಲ.

ನಿಲುವಂಗಿಯ ಕೆಳಗಿನ ಅಂಚಿಗೆ ಉಣ್ಣೆಯ ದಾಳಿಂಬೆ, ಚಿನ್ನದ ಗೆಜ್ಜೆ, ಮತ್ತೆ ದಾಳಿಂಬೆ, ಮತ್ತೆ ಗೆಜ್ಜೆ. ಸಂಖ್ಯೆ ಬೈಬಲಿನಲ್ಲಿಲ್ಲ. ಗೆಜ್ಜೆಗಳು 72 ಅನ್ನುವ ಅಭಿಪ್ರಾಯ ಯೆಹೂದಿ ಪಂಡಿತರ ಚರ್ಚೆಗಳ ಹಳೆಯ ಸಂಗ್ರಹವಾದ ತಾಲ್ಮೂದಿನಲ್ಲಿದೆ. ನಾನು ಮೂರು ಬಣ್ಣದ ದಾರವನ್ನು ಹತ್ತಿಯುಂಡೆಯ ಮೇಲೆ ಸುತ್ತಿ ದಾಳಿಂಬೆ ಮಾಡಿದೆ. ಗೆಜ್ಜೆಗೆ ಹಿತ್ತಾಳೆಯದೇ ಸಾಕಾಯಿತು. ತಾಲ್ಮೂದಿನ ಪಂಡಿತರು ಒಂದೊಂದು ಬಟ್ಟೆಗೂ ಒಂದೊಂದು ಪಾಪದ ಪರಿಹಾರವನ್ನು ಹೊಂದಿಸುತ್ತಾರೆ. ಮುಂಡಾಸು ಅಹಂಕಾರಕ್ಕೆ, ಎದೆಪದಕ ತೀರ್ಪಿನಲ್ಲಾಗುವ ಅನ್ಯಾಯಕ್ಕೆ, ಸದ್ದು ಮಾಡುವ ಈ ನಿಲುವಂಗಿ ಚಾಡಿಮಾತಿಗೆ. ಸದ್ದಿನ ಪಾಪಕ್ಕೆ ಸದ್ದಿನ ವಸ್ತುವೇ ಪರಿಹಾರ ಅನ್ನುತ್ತಾರೆ.

ಗೆಜ್ಜೆಯ ಸದ್ದು ನಿಂತರೆ ಯಾಜಕ ಸತ್ತನೆಂದು ತಿಳಿದು ಕಾಲಿಗೆ ಕಟ್ಟಿದ ಹಗ್ಗದಿಂದ ಎಳೆಯುತ್ತಿದ್ದರು ಅನ್ನುವ ಕಥೆಯನ್ನು ಭಾನುವಾರದ ಶಾಲೆಯಲ್ಲಿ ಕೇಳದವರಿಲ್ಲ. ಹಗ್ಗದ ಮಾತು ಬೈಬಲಿನಲ್ಲಿ ಎಲ್ಲೂ ಇಲ್ಲ. ಬಹಳ ಕಾಲದ ನಂತರ ಹುಟ್ಟಿದ ಕಥೆ ಅದು. ದಯವಿಟ್ಟು ಮಕ್ಕಳಿಗೆ ಅದನ್ನು ಹೇಳಬೇಡಿ. ಯಾಕೆಂದರೆ ವರ್ಷಕ್ಕೊಮ್ಮೆ, ದೋಷಪರಿಹಾರಕ ದಿನದಂದು ಮಹಾಪವಿತ್ರಸ್ಥಳದೊಳಗೆ ಹೋಗುವಾಗ ಅವನ ಮೈಮೇಲೆ ಗೆಜ್ಜೆಯೇ ಇರುತ್ತಿರಲಿಲ್ಲ. ಯಾಜಕಕಾಂಡದ 16ನೇ ಅಧ್ಯಾಯ ನೋಡಿ. ನಾರಿನ ಅಂಗಿ, ನಾರಿನ ಚಡ್ಡಿ, ನಾರಿನ ನಡುಕಟ್ಟು, ನಾರಿನ ಮುಂಡಾಸು. ಅಷ್ಟೇ. ಚಿನ್ನ ಇಲ್ಲ, ಕಲ್ಲು ಇಲ್ಲ, ಬಣ್ಣ ಇಲ್ಲ. ಗೌರವಕ್ಕೂ ಅಲಂಕಾರಕ್ಕೂ ಮಾಡಿಸಿದ ಉಡುಪನ್ನು ಕಳಚಿಟ್ಟು ಅವನು ದೇವರಿಗೆ ಅತಿ ಹತ್ತಿರ ಹೋಗುತ್ತಿದ್ದ. ಈ ಬಿಳಿ ಉಡುಪನ್ನೂ ಹೊಲಿದಿದ್ದೇನೆ. ಚಿನ್ನದ ಉಡುಪು ತೋರಿಸಿ ಬಿಳಿಯದನ್ನು ತೋರಿಸದಿದ್ದರೆ ಪಾಠ ಅರ್ಧವೇ.

ನಾನು ಕ್ರೈಸ್ತಳು. ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯನ್ನು ಓದಿ, ಈ ಮಹಾಯಾಜಕನಲ್ಲಿ ಯೇಸುವಿನ ಮುನ್ನೋಟ ಇದೆ ಅಂತ ಮನಸಾರೆ ನಂಬುತ್ತೇನೆ. ಆದರೂ ಪ್ರತಿ ದಾರ ಕಂಡ ಕೂಡಲೇ ಅಲ್ಲಿಗೆ ಹಾರುವುದು ಬೇಡ ಅನ್ನುತ್ತೇನೆ. ಇದು ಮೊದಲು ಇಸ್ರಾಯೇಲ್ಯರ ಗ್ರಂಥ, ಅವರ ಪವಿತ್ರ ವಸ್ತು. ಅದಕ್ಕೇ ಹಣೆಯ ಚಿನ್ನದ ಪಟ್ಟಿಯ ಮೇಲೆ ದೇವರ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆಯಲಿಲ್ಲ. ಯೆಹೂದಿಗಳು ಆ ಹೆಸರಿನ ನಾಲ್ಕು ಅಕ್ಷರಗಳನ್ನು ಉಚ್ಚರಿಸುವುದೂ ಇಲ್ಲ. ಕನ್ನಡದಲ್ಲಿ ‘ದೇವರಿಗೆ ಮೀಸಲು’ ಎಂದಷ್ಟೇ ಬರೆದೆ.

ತೊಡಿಸುವಾಗ ಯಾಜಕಕಾಂಡದ 8ನೇ ಅಧ್ಯಾಯದ ಕ್ರಮವನ್ನೇ ಹಿಡಿಯುತ್ತೇವೆ. ಸ್ನಾನ, ಅಂಗಿ, ನಡುಕಟ್ಟು, ನಿಲುವಂಗಿ, ಏಫೋದು, ಎದೆಪದಕ, ಮುಂಡಾಸು, ಪಟ್ಟಿ. ಸ್ನಾನದ ಬದಲು ಕೈ ತೊಳೆಸುತ್ತೇವೆ. ಅಲ್ಲಿ ಆರೋನ ತಾನಾಗಿ ಏನನ್ನೂ ತೊಟ್ಟುಕೊಳ್ಳುವುದಿಲ್ಲ, ಮೋಶೆ ತೊಡಿಸುತ್ತಾನೆ. ಹಾಗಾಗಿ ನಮ್ಮಲ್ಲೂ ನಿಂತವರು ಕೈ ಆಡಿಸುವಂತಿಲ್ಲ, ಉಳಿದವರು ತೊಡಿಸಬೇಕು. ಪಾದರಕ್ಷೆ ಪಟ್ಟಿಯಲ್ಲಿಲ್ಲ, ಬರಿಗಾಲು.

ಆರೋನ ಸಾಯುವ ಮುಂಚೆ ಹೋರ್ ಬೆಟ್ಟದ ಮೇಲೆ ಮೋಶೆ ಅವನ ಉಡುಪನ್ನು ಬಿಚ್ಚಿ ಮಗ ಎಲ್ಲಾಜಾರನಿಗೆ ತೊಡಿಸಿದ ಅಂತ ಅರಣ್ಯಕಾಂಡದ 20ನೇ ಅಧ್ಯಾಯದಲ್ಲಿದೆ. ಹೊಸದು ಹೊಲಿಸಲಿಲ್ಲ, ಅದೇ ಉಡುಪು. ನಡುಕಟ್ಟು, ಪಟ್ಟಿ, ದಾರ, ಎಲ್ಲವೂ ಕಟ್ಟಿಕೊಳ್ಳುವಂಥವು. ಒಬ್ಬನ ಮೈಗೆ ಬಿಗಿಯಾಗಿ ಕತ್ತರಿಸಿದ್ದಲ್ಲ ಅನ್ನಿಸುತ್ತದೆ. ನೀವೂ ಹೊಲಿಯುವುದಾದರೆ ಅಂಗಿ, ನಿಲುವಂಗಿಗಳನ್ನು ಅಗಲವಾಗಿಯೇ ಕತ್ತರಿಸಿ, ಕಟ್ಟುಗಳನ್ನು ಉದ್ದ ಬಿಡಿ. ನಮ್ಮ ಗುಂಪಿನಲ್ಲಿ ತೆಳ್ಳಗಿನ ಹುಡುಗನೂ ತೊಟ್ಟಿದ್ದಾನೆ, ದಪ್ಪ ಮೈಯ ಹಿರಿಯರೂ ತೊಟ್ಟಿದ್ದಾರೆ.