ಅಜ್ಜಿ, ಇದನ್ನು ಗಟ್ಟಿಯಾಗಿ ಕಚ್ಚಿ: ಕಚ್ಚುವ ಬಲ ಅಳೆಯುವ ಬಗೆ

ತೀರ್ಥಹಳ್ಳಿ ಕಡೆಯ ಅಜ್ಜಿಯೊಬ್ಬರಿಗೆ ಪೂರ್ತಿ ಹಲ್ಲುಸೆಟ್ ಮಾಡಿಕೊಟ್ಟು ಎರಡು ತಿಂಗಳಾಗಿತ್ತು. "ಸೆಟ್ಟೇನೋ ಚೆನ್ನಾಗಿ ಕೂತಿದೆ ಡಾಕ್ಟ್ರೇ, ಆದ್ರೆ ಕೋಡುಬಳೆ ಮುರಿಯಕ್ಕಾಗಲ್ಲ. ಅಡಿಕೆಗೆ ಈಗ್ಲೂ ಕುಟ್ಟಾಣಿನೇ ಗತಿ" ಅಂದರು. ಇದು ಸೆಟ್ಟಿನ ತಪ್ಪಾ, ಇಲ್ಲಾ ಕಟ್ಟಿಸಿದ ಹಲ್ಲಿನ ಬಲವೇ ಇಷ್ಟಾ? ಬಾಯಿಮಾತಿಗೆ ಸಮಾಧಾನ ಹೇಳುವ ಬದಲು ಅಳೆದೇ ನೋಡಿದೆ. ಆಮೇಲೆ ಜೂನಿಯರ್‌ಗಳು ಹೇಗೆ ಅಂತ ಕೇಳುತ್ತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

17ನೇ ಶತಮಾನದಲ್ಲಿ ಇಟಲಿಯ ವಿಜ್ಞಾನಿ ಬೊರೆಲ್ಲಿ ಕೆಳದವಡೆಯ ಹಲ್ಲಿಗೆ ಹಗ್ಗ ಹಾಕಿ ತೂಕ ನೇತುಹಾಕಿಯೇ ಇದನ್ನು ಅಳೆದಿದ್ದ. ನಮಗೆ ಅಷ್ಟು ಧೈರ್ಯ ಬೇಡ. ನಾನು ಬಳಸುವುದು ಫ್ಲೆಕ್ಸಿಫೋರ್ಸ್ ತರಹದ ತೆಳು ಸೆನ್ಸರ್. ಪ್ಲಾಸ್ಟಿಕ್ ಪಟ್ಟಿಯ ತುದಿಯಲ್ಲಿ ಸುಮಾರು 9.5 ಮಿಲಿಮೀಟರ್ ಅಗಲದ ಒಂದು ಗುಂಡು ಜಾಗ ಇರುತ್ತದೆ. ಅದನ್ನು ಒತ್ತಿದಷ್ಟೂ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಇಳಿಯುತ್ತದೆ. ಆರ್ಡುಯಿನೋ ಅನ್ನುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಒಂದಿದ್ದರೆ ಅದನ್ನು ಲ್ಯಾಪ್‌ಟಾಪಿನಲ್ಲಿ ಓದಬಹುದು. ಕೊಳ್ಳುವಾಗ 445 ನ್ಯೂಟನ್ (ಸುಮಾರು 45 ಕೆಜಿ ಭಾರದಷ್ಟು ಬಲ) ರೇಂಜಿನದು ತಗೊಳ್ಳಿ, ಕಡಿಮೆಯದು ದವಡೆ ಹಲ್ಲಿಗೆ ಸಾಲದು. ಸರ್ಕ್ಯೂಟಿನಲ್ಲಿ ವೋಲ್ಟೇಜ್ ಇಳಿಸಿದರೆ ಅದಕ್ಕಿಂತ ಜಾಸ್ತಿಯೂ ಓದುತ್ತದೆ.

ಪಿಜಿ ಓದುವಾಗ ನಾನು ಈ ಸೆನ್ಸರ್ ಅನ್ನು ಸುಮ್ನೆ ಹಲ್ಲುಗಳ ನಡುವೆ ಇಟ್ಟು ಕಚ್ಚಿಸಿದ್ದೆ. ಅದೇ ಹುಡುಗ, ಅದೇ ಹಲ್ಲು: ಒಂದು ಸಲ 140, ಇನ್ನೊಂದು ಸಲ 410 ನ್ಯೂಟನ್. ಎರಡು ದಿನ ಸರ್ಕ್ಯೂಟನ್ನು ಬೈದುಕೊಂಡೆ. ತಪ್ಪು ನನ್ನದೇ ಆಗಿತ್ತು. ಹಲ್ಲಿನ ಮೊನೆ ಒಮ್ಮೆ ಆ ಗುಂಡಿನ ನಡುವೆ, ಒಮ್ಮೆ ಅಂಚಿನಲ್ಲಿ ಬೀಳುತ್ತಿತ್ತು. ಅದಕ್ಕೆ ಈಗ ಎರಡು ಸ್ಟೀಲ್ ತಗಡಿನ ನಡುವೆ ಸೆನ್ಸರ್ ಇಟ್ಟು, ಗುಂಡಿನ ಮೇಲೆ ಅದಕ್ಕಿಂತ ಕೊಂಚ ಚಿಕ್ಕದೊಂದು ಗಟ್ಟಿ ಬಿಲ್ಲೆ ಕೂರಿಸುತ್ತೇನೆ. ಬಲವೆಲ್ಲ ಬಿಲ್ಲೆಯ ಮೂಲಕವೇ ಇಳಿಯಬೇಕು. ತಗಡಿನ ಹೊರಮೈಗೆ ಕೋಲ್ಡ್ ಕ್ಯೂರ್ ಆಕ್ರಿಲಿಕ್ (ಬಿಸಿ ಮಾಡದೆಯೇ ಗಟ್ಟಿಯಾಗುವ ಪ್ಲಾಸ್ಟಿಕ್), ಅದರ ಮೇಲೆ ತೆಳ್ಳಗೆ ರಬ್ಬರ್. ಒಟ್ಟು ದಪ್ಪ ಸುಮಾರು 15 ಮಿಲಿಮೀಟರ್. ಬಾಯಿ ಎಷ್ಟು ತೆರೆದಿದೆ ಅನ್ನುವುದರ ಮೇಲೆ ಸ್ನಾಯುವಿನ ಬಲ ಬದಲಾಗುತ್ತದೆ, ಹಾಗಾಗಿ ಈ ದಪ್ಪ ಎಲ್ಲರಿಗೂ ಒಂದೇ ಇರಲಿ.

ಇನ್ನು ಕ್ಯಾಲಿಬ್ರೇಷನ್, ಅಂದರೆ ಸೆನ್ಸರಿನ ಅಂಕಿಯನ್ನು ಗೊತ್ತಿರುವ ಭಾರಕ್ಕೆ ತಾಳೆ ನೋಡುವುದು. ಇದನ್ನು ಬಿಟ್ಟರೆ ಬರುವ ಅಂಕಿಗೆ ಅರ್ಥವೇ ಇಲ್ಲ. ಅಷ್ಟು ಚಿಕ್ಕ ಬಿಲ್ಲೆಯ ಮೇಲೆ ಅಕ್ಕಿ ಮೂಟೆ ನಿಲ್ಲಿಸಲು ಆಗುತ್ತದಾ? ನಾನು ಕಂಡುಕೊಂಡ ದಾರಿ ಇದು: ದಿನಸಿ ಅಂಗಡಿಯ ತೂಕದ ಯಂತ್ರವನ್ನು ಪಕ್ಕದ ಗ್ಯಾರೇಜಿನ ಡ್ರಿಲ್ ಸ್ಟ್ಯಾಂಡಿನ ಕೆಳಗಿಟ್ಟೆ. ಅದರ ಮೇಲೆ ಸೆನ್ಸರ್. ಹ್ಯಾಂಡಲ್ ಎಳೆದು ಮೆಲ್ಲಗೆ ಒತ್ತಿದರೆ ಯಂತ್ರ ಕೆಜಿ ತೋರಿಸುತ್ತದೆ, ಲ್ಯಾಪ್‌ಟಾಪ್ ಸೆನ್ಸರಿನ ಅಂಕಿ ತೋರಿಸುತ್ತದೆ. ಕೆಜಿಯನ್ನು 9.81ರಿಂದ ಗುಣಿಸಿದರೆ ನ್ಯೂಟನ್. 10 ಕೆಜಿಗೆ 98, 20ಕ್ಕೆ 196, 40ಕ್ಕೆ 392. ಮನೆಯಲ್ಲಿ ಮೈತೂಕ ನೋಡುವ ಡಿಜಿಟಲ್ ಯಂತ್ರ ಬೇಡ, ಅದರಲ್ಲಿ ಒಮ್ಮೆ ನಿಂತ ಅಂಕಿ ಮತ್ತೆ ಅಲ್ಲಾಡುವುದಿಲ್ಲ. ಶುರು ಮಾಡುವ ಮೊದಲು ನಾಲ್ಕೈದು ಸಲ ಜೋರಾಗಿ ಒತ್ತಿ ಬಿಡಿ, ಹೊಸ ಸೆನ್ಸರ್ ಪಳಗಬೇಕು. ಒತ್ತಡ ಏರಿಸುವಾಗ ಬಂದ ಅಂಕಿಗೂ ಇಳಿಸುವಾಗ ಬಂದ ಅಂಕಿಗೂ ವ್ಯತ್ಯಾಸ ಇರುತ್ತದೆ. ನಾನು ಏರಿಸುವಾಗಿನದನ್ನೇ ಹಿಡಿಯುತ್ತೇನೆ.

ಯಾರಿಗೆ ಮಾಡಬಾರದು ಅಂತ ಮೊದಲೇ ನೋಡಿಕೊಳ್ಳಿ. ಅಲ್ಲಾಡುವ ಹಲ್ಲು, ರೂಟ್ ಕೆನಾಲ್ ಆಗಿ ಕ್ಯಾಪ್ ಹಾಕದ ಹಲ್ಲು, ದೊಡ್ಡ ಫಿಲ್ಲಿಂಗ್, ದವಡೆ ಕೀಲಿನ ನೋವು ಇದ್ದರೆ ಬೇಡ.

ಚೇರನ್ನು ನೇರ ಮಾಡಿ ಕೂರಿಸಿ. ತಲೆ ಹಿಂದಕ್ಕೆ ಒರಗಬಾರದು. ಸೆನ್ಸರಿಗೆ ಗ್ಲೌಸಿನ ಬೆರಳು ಕತ್ತರಿಸಿ ತೊಡಿಸಿ, ತೊಡಿಸಿದ ಮೇಲೆ ಸೊನ್ನೆ ಮಾಡಿ. ಒಬ್ಬರಿಂದ ಒಬ್ಬರಿಗೆ ಗ್ಲೌಸ್ ಬದಲಿಸಿ, ಸೆನ್ಸರ್ ಒರೆಸಿ. ಅದನ್ನು ಆಟೋಕ್ಲೇವಿಗೆ (ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಮಾತ್ರ ಹಾಕಬೇಡಿ. ಇಡುವ ಜಾಗ ಮೊದಲ ದವಡೆ ಹಲ್ಲು. ಒಂದು ಹಲ್ಲು ಹಿಂದೆ ಮುಂದೆ ಆದರೂ ಅಂಕಿ ಬದಲಾಗುತ್ತದೆ. ಅಡಕತ್ತರಿಯಲ್ಲಿ ಅಡಿಕೆಯನ್ನು ತುದಿಗೆ ಇಟ್ಟರೆ ಕೈ ಸೋಲುತ್ತದೆ, ಕೀಲಿನ ಹತ್ತಿರ ಇಟ್ಟರೆ ಕಟಕ್ ಅನ್ನುತ್ತದೆ ಅಲ್ವಾ? ದವಡೆಯೂ ಹಾಗೆಯೇ.

ನಿಜವಾದ ಕಷ್ಟ ಇನ್ನು ಮುಂದೆ. "ಕಚ್ಚಿ" ಅಂದರೆ ಯಾರೂ ಪೂರ್ತಿ ಕಚ್ಚುವುದಿಲ್ಲ. ಹಲ್ಲು ಮುರಿದೀತು, ಡಾಕ್ಟ್ರ ಸಾಮಾನು ಹಾಳಾದೀತು ಅಂತ ಹೆದರುತ್ತಾರೆ. ಮೊದಲು ಹತ್ತಿಯ ರೋಲ್ ಕೊಟ್ಟು ಎರಡು ಸಲ ಕಚ್ಚಿಸಿ. ಆಮೇಲೆ ಸೆನ್ಸರ್. ನಾನು ಹೇಳುವುದು "ಕಬ್ಬು ಸಿಗಿಯುವ ಹಾಗೆ, ನೋವಾದರೆ ಬಿಟ್ಟುಬಿಡಿ" ಅಂತ. ಎರಡು ಮೂರು ಸೆಕೆಂಡ್ ಸಾಕು. ಒಂದು ನಿಮಿಷ ಬಿಡುವು ಕೊಟ್ಟು ಮತ್ತೆ. ಒಂದೊಂದು ಬದಿಗೆ ಮೂರು ಸಲ, ಮೂರೂ ಅಂಕಿ ಬರೆದಿಡಿ. ಪರದೆ ಕಂಡರೆ ಜನ ಹಠಕ್ಕೆ ಬಿದ್ದು ಜಾಸ್ತಿ ಕಚ್ಚುತ್ತಾರೆ. ತೋರಿಸುವುದಾದರೆ ಎಲ್ಲರಿಗೂ ತೋರಿಸಿ, ಇಲ್ಲದಿದ್ದರೆ ಯಾರಿಗೂ ಬೇಡ.

ಗಟ್ಟಿ ಹಲ್ಲಿರುವ ದೊಡ್ಡವರಲ್ಲಿ ದವಡೆಯ ಒಂದು ಬದಿಗೆ ಸಾಮಾನ್ಯವಾಗಿ 300ರಿಂದ 600 ನ್ಯೂಟನ್ ಬರುತ್ತದೆ. ಪೂರ್ತಿ ಸೆಟ್ ಹಾಕಿದವರಲ್ಲಿ ಅದರ ಕಾಲು ಭಾಗ, ಕೆಲವರಲ್ಲಿ ಐದನೇ ಒಂದು ಭಾಗ. ಕಚ್ಚುವುದನ್ನು ಕಂಪ್ಯೂಟರಿನಲ್ಲಿ ತೋರಿಸುವ ಟಿ-ಸ್ಕ್ಯಾನ್ ಯಂತ್ರ ಇದ್ದರೆ ಈ ಗೋಳೆಲ್ಲ ಯಾಕೆ ಅಂತ ಕೆಲವರು ಕೇಳುತ್ತಾರೆ. ಅದು ಯಾವ ಹಲ್ಲಿಗೆ ಬಲದ ಎಷ್ಟು ಪಾಲು ಬೀಳುತ್ತಿದೆ ಅಂತ ಶೇಕಡಾದಲ್ಲಿ ಹೇಳುತ್ತದೆ, ನ್ಯೂಟನ್‌ನಲ್ಲಿ ಅಲ್ಲ.

ಅಜ್ಜಿಯ ಬಲಬದಿಗೆ ಬಂದದ್ದು 68, 74, 71. ಎಡಬದಿಯೂ ಹೆಚ್ಚುಕಡಿಮೆ ಅಷ್ಟೇ. ಸೆಟ್ ಹಾಕಿದವರಲ್ಲಿ ಇದೇನೂ ಕಡಿಮೆಯಲ್ಲ. ಹೇಗೆ ತಿನ್ನುತ್ತೀರಿ ಅಂತ ಕೇಳಿದೆ. ಮುಂದಿನ ಹಲ್ಲಲ್ಲಿ ಕಚ್ಚಿ ಮುರಿಯುತ್ತಿದ್ದರಂತೆ, ಹಾಗೆ ಮಾಡಿದರೆ ಮೇಲಿನ ಸೆಟ್ ಹಿಂದಿನಿಂದ ಎದ್ದುಬಿಡುತ್ತದೆ. ಕೋಡುಬಳೆಯನ್ನು ಕೈಯಲ್ಲೇ ಮುರಿದು, ಎರಡೂ ಬದಿಯ ದವಡೆಗೆ ಒಂದೊಂದು ಚೂರು ಹಾಕಿ ಒಟ್ಟಿಗೆ ಅಗಿಯಲು ಹೇಳಿದೆ.

"ಅಡಿಕೆ?" ಅಂದರು.

"ಅದಕ್ಕೆ ಕುಟ್ಟಾಣಿನೇ ಇರಲಿ ಅಜ್ಜಿ" ಅಂದೆ.