ಗೊಲೆಸ್ತಾನಕ್ಕೆ ಎರಡು ಸಲ ಗುಂಪು ಕಟ್ಟಿಕೊಂಡು ಹೋದೆ

ಮೊದಲ ಸಲ ಹೋಗಿದ್ದು 2018ರ ಅಕ್ಟೋಬರಿನಲ್ಲಿ. ಮೈಸೂರಿನಿಂದ 14 ಜನರನ್ನು ಇರಾನಿನ ಉತ್ತರಕ್ಕಿರುವ ಗೊಲೆಸ್ತಾನ್ ಪ್ರಾಂತ್ಯಕ್ಕೆ ಕರೆದುಕೊಂಡು ಹೋಗಿದ್ದೆ. ಗೋರ್ಗಾನಿನ ಮಹಾಗೋಡೆ, ಗೊಂಬದ್ ಎ ಕಾವೂಸ್ ಗೋಪುರ, ಖಾಲಿದ್ ನಬಿ ಗುಡ್ಡದ ಸ್ಮಶಾನ, ಮೂರನ್ನೂ ಒಂದೇ ದಿನಕ್ಕೆ ತುರುಕಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರ ಬಾಯಲ್ಲೂ ಮಾತಿಲ್ಲ. ಹಿಂದಿನ ಸೀಟಿನಿಂದ ಒಬ್ಬರು ಮಾತ್ರ, "ಏನಮ್ಮಾ, ನಾವೇನು ಪಾರ್ಸಲ್ಲಾ?" ಅಂದರು.

ಬೇಜಾರಾಯಿತು. ಆದರೆ ಅವರು ಹೇಳಿದ್ದು ಸರಿಯಾಗೇ ಇತ್ತು. ಗೋಡೆ ನೋಡೋಕೆ ಬಂದವರಿಗೆ ಗೋಡೆಯೇ ಕಂಡಿರಲಿಲ್ಲ. ಇರಾನನ್ನು ಆಳಿದ ಸಸಾನಿ ರಾಜರ ಕಾಲದಲ್ಲಿ, ಸುಮಾರು 1500 ವರ್ಷಗಳ ಹಿಂದೆ, ಕ್ಯಾಸ್ಪಿಯನ್ ಕಡೆಯಿಂದ ಬೆಟ್ಟದವರೆಗೆ ಹತ್ತಿರ ಹತ್ತಿರ 200 ಕಿ.ಮೀ. ಕಟ್ಟಿದ್ದು. ಇಟ್ಟಿಗೆಯ ಬಣ್ಣಕ್ಕೆ 'ಕೆಂಪು ಹಾವು' ಅಂತಲೂ ಕರೆಯುತ್ತಾರೆ. ಇಟ್ಟಿಗೆಯನ್ನೆಲ್ಲ ಊರಿನವರು ಎಷ್ಟೋ ಕಾಲದಿಂದ ಮನೆ ಕಟ್ಟಲು ಹೊತ್ತುಕೊಂಡು ಹೋಗಿದ್ದಾರೆ. ಈಗ ಬಹಳ ಕಡೆ ಅದು ಹೊಲದ ನಡುವಿನ ಬದುವಿನ ಹಾಗೆ ಕಾಣುತ್ತದೆ. ಸಾಲದ್ದಕ್ಕೆ ಅಕ್ಟೋಬರ್. ಗುಡ್ಡಗಳೆಲ್ಲ ಒಣಗಿ ಕಂದು ಬಣ್ಣ.

ಎರಡನೇ ಸಲ 2024ರ ಮೇ ಮೊದಲ ವಾರ ಹೋದೆವು. 9 ಜನ, 6 ರಾತ್ರಿ. ಗೋಡೆಯನ್ನು ಪಟ್ಟಿಯಿಂದಲೇ ಹೊಡೆದುಹಾಕಿದೆ. ಗೋರ್ಗಾನ್ ಊರಲ್ಲಿ ಎರಡು ರಾತ್ರಿ, ಉಳಿದ ನಾಲ್ಕು ರಾತ್ರಿ ತುರ್ಕಮೆನ್ ಹಳ್ಳಿಯ ಒಂದೇ ಮನೆಯಲ್ಲಿ. ದಿನಕ್ಕೆ ಒಂದೇ ಜಾಗ, ಮಧ್ಯಾಹ್ನದ ಮೇಲೆ ಯಾವ ಕಾರ್ಯಕ್ರಮವೂ ಇಲ್ಲ. ಹಾಗೆ ಬಿಟ್ಟ ಮಧ್ಯಾಹ್ನಗಳಲ್ಲೇ ನಮ್ಮವರಿಗೆ ಆ ಪ್ರಾಂತ್ಯ ಎಂಥದ್ದು ಅಂತ ಗೊತ್ತಾಗಿದ್ದು.

ಅಲ್ಲಿ ಊರು ದಾಟಿದರೆ ಭಾಷೆ ಬದಲಾಗುತ್ತದೆ. ಪಾರಸಿ ಮಾತಾಡುವವರು, ಸುನ್ನಿ ತುರ್ಕಮೆನ್ನರು, ಕಜಾಕ್ ಮನೆಗಳು, ಬಲೂಚರು, ಹಾಮೂನ್ ಸರೋವರ ಬತ್ತಿದಾಗ ಇರಾನಿನ ಪೂರ್ವದ ಸಿಸ್ತಾನ್ ಬಿಟ್ಟು ಬಂದವರು, ಎಲ್ಲರೂ ಇದ್ದಾರೆ. ನಾನು ನಮ್ಮ ಗುಂಪಿನವರಿಗೆಲ್ಲ ಪಾರಸಿಯ ನಾಲ್ಕು ಮಾತು ಕಲಿಸಿದ್ದೆ. ನಾವಿದ್ದ ತುರ್ಕಮೆನ್ ಮನೆಯ ಅಜ್ಜಿ, ಪಾರಸಿಯವರು ಥ್ಯಾಂಕ್ಸ್‌ಗೆ ಹೇಳುವ "ಮೆರ್ಸಿ"ಗೆ ಸುಮ್ನೆ ತಲೆ ಆಡಿಸಿದರು. ನಮ್ಮವರಲ್ಲಿ ಒಬ್ಬರು ಅವರ ಮೊಮ್ಮಗಳಿಂದ ಕಲಿತು ಅದನ್ನೇ ತುರ್ಕಮೆನ್ ಭಾಷೆಯಲ್ಲಿ "ಸಾಗ್ ಬೋಲ್" ಅಂದಾಗ ಅಜ್ಜಿ ಬಾಯ್ತುಂಬ ನಕ್ಕರು.

ಟೀ ಕೊಡುವ ರೀತಿ ನೋಡಬೇಕು. ತುರ್ಕಮೆನ್ನರು ಒಬ್ಬೊಬ್ಬರ ಮುಂದೆಯೂ ಒಂದೊಂದು ಪುಟ್ಟ ಟೀ ಪಾಟ್, ಒಂದೊಂದು ಹಿಡಿಯಿಲ್ಲದ ಬಟ್ಟಲು ಇಡುತ್ತಾರೆ. 9 ಜನಕ್ಕೆ 9 ಪಾಟ್! ಅದು ಖಾಲಿಯಾಗುವ ತನಕ ಏಳುವ ಹಾಗಿಲ್ಲ ಅಂತ ನಮ್ಮವರೇ ತೀರ್ಮಾನ ಮಾಡಿಕೊಂಡರು.

ಊಟದ್ದೇ ದೊಡ್ಡ ತಲೆನೋವು. ಅಲ್ಲಿನ ಚೆಕ್‌ದರ್ಮೆ ಅಂದರೆ ಅಕ್ಕಿ, ಮಾಂಸ, ಟೊಮೆಟೊ ಒಂದೇ ಪಾತ್ರೆಯಲ್ಲಿ ಬೇಯಿಸಿದ ಅನ್ನ. ಮೊದಲ ಸಲ "ಮಾಂಸ ಬೇಡ" ಅಂದಿದ್ದಕ್ಕೆ ಪಾಪ, ತುಂಡುಗಳನ್ನು ಆರಿಸಿ ತೆಗೆದು ಅದೇ ಅನ್ನ ಬಡಿಸಿದ್ದರು. ಈ ಸಲ ನಾನೇ ಸಂತೆಯಿಂದ ಬದನೆಕಾಯಿ ತಂದು, ಮನೆಯವರ ಅಡುಗೆಮನೆಯಲ್ಲಿ ಬೇರೆ ಪಾತ್ರೆ ಕೇಳಿ ಇಸ್ಕೊಂಡು ವಾಂಗಿಬಾತ್ ಮಾಡಿದೆ. ಪುಡಿ ಮೈಸೂರಿನಿಂದಲೇ ಹೋಗಿತ್ತು. ಬಾತ್ ತಳ ಹಿಡಿಯಿತು ಅಂತ ನಾನು ನಾಚಿಕೊಂಡರೆ, ಮನೆಯ ಹುಡುಗಿ ಅದನ್ನೇ ಕೆರೆದು ಮೊದಲು ತಿಂದಳು. ಅವರಿಗೆ ತಳದ ಅನ್ನವೇ ರುಚಿ, ಅದಕ್ಕೆ 'ತಹದೀಗ್' ಅಂತ ಹೆಸರೇ ಇದೆ. ಮೊಸರು, ರೊಟ್ಟಿ ಎಲ್ಲ ಕಡೆ ಸಿಗುತ್ತದೆ, ಉಪವಾಸವಂತೂ ಬೀಳಲ್ಲ.

ಗೋಪುರಕ್ಕೆ ಅರ್ಧ ದಿನ ಇಟ್ಟಿದ್ದೆ. 1006ರಲ್ಲಿ ಕಟ್ಟಲು ಶುರು ಮಾಡಿದ್ದು, ಬರೀ ಇಟ್ಟಿಗೆ, 53 ಮೀಟರ್ ಎತ್ತರ. ಕಟ್ಟಿಸಿದ ಕಾಬೂಸ್ ದೊರೆಯ ಆಶ್ರಯದಲ್ಲಿ ಅಲ್ ಬಿರೂನಿ ಕೆಲವು ವರ್ಷ ಇದ್ದ. ನಾವು ಶಾಲೆಯಲ್ಲಿ ಓದಿದ ಅದೇ ಬಿರೂನಿ ಅಂದಾಗ ಎಲ್ಲರೂ ಕಿವಿ ನಿಮಿರಿಸಿದರು. ಎದುರಿನ ಒಂದು ಜಾಗದಲ್ಲಿ ನಿಂತು ಚಪ್ಪಾಳೆ ಹೊಡೆದರೆ ಸದ್ದು ತಿರುಗಿ ಬರುತ್ತದೆ. ಅಷ್ಟಕ್ಕೇ ಮುಕ್ಕಾಲು ಗಂಟೆ ಹೋಯಿತು!

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಕಾರ್ಡುಗಳು ಅಲ್ಲಿ ನಡೆಯಲ್ಲ. ಪೂರ್ತಿ ಖರ್ಚಿಗೂ ಡಾಲರ್ ನೋಟು ಒಯ್ಯಬೇಕು. ಬೆಲೆಯನ್ನು ತೊಮಾನಿನಲ್ಲಿ ಹೇಳುತ್ತಾರೆ, ನೋಟು ರಿಯಾಲಿನದ್ದು, 10 ರಿಯಾಲಿಗೆ 1 ತೊಮಾನ್. ನನ್ನ ಗುಂಪಿನ ರಿಟೈರ್ಡ್ ಬ್ಯಾಂಕಿನವರಿಗೇ ಇದು ಎರಡು ಸಲ ಕೈಕೊಟ್ಟಿತು. 2024ರಲ್ಲಿ ನಮಗೆ ವೀಸಾ ಬೇಕಿರಲಿಲ್ಲ. ಆ ರಿಯಾಯಿತಿ 2025ರ ನವೆಂಬರಿನಲ್ಲಿ ನಿಂತಿದೆ. ಈಗ ಹೊರಡುವವರು ವೀಸಾ, ಅಲ್ಲಿನ ಪರಿಸ್ಥಿತಿ ಎರಡನ್ನೂ ಮೊದಲು ನೋಡಿಕೊಳ್ಳಿ.

ಖಾಲಿದ್ ನಬಿಗೆ ಹೋಗುವ ಮುಂಚೆ ನನಗೆ ಅಳುಕಿತ್ತು. ಗುಡ್ಡದ ತುಂಬ ನೂರಾರು ನಿಲುಗಲ್ಲುಗಳು. ಅದರಲ್ಲಿ ಬಹಳಷ್ಟು ನೋಡಿದ ತಕ್ಷಣ ಗಂಡಿನ ಗುರುತೇ ಅನ್ನಿಸುವಂಥವು. ಗುಂಪಿನಲ್ಲಿ 70 ದಾಟಿದ ಅಮ್ಮ ಒಬ್ಬರಿದ್ದರು. ಬಸ್ಸಿನಲ್ಲಿ ನಾನು, ಇದು ಹಳೇ ಸಮಾಧಿ, ಅರ್ಥದ ಬಗ್ಗೆ ಬೇರೆ ಬೇರೆ ಅಭಿಪ್ರಾಯ ಇದೆ ಅಂತ ಸುತ್ತಿ ಬಳಸಿ ಹತ್ತು ನಿಮಿಷ ಹೇಳಿದೆ. ಮೇ ತಿಂಗಳಾದ್ದರಿಂದ ಗುಡ್ಡವೆಲ್ಲ ಹಸಿರು. ಅಮ್ಮ ಇಳಿದು ಒಂದು ಕಲ್ಲಿನ ಹತ್ತಿರ ಹೋಗಿ, ಮೇಲಿನಿಂದ ಕೆಳಗೆ ನೋಡಿ, ನನ್ನ ಕಡೆ ತಿರುಗಿದರು.

"ಇದಕ್ಕೆ ಅಷ್ಟುದ್ದ ಪೀಠಿಕೆ ಬೇಕಿತ್ತೇನೇ? ಬಾ, ಫೋಟೋ ತೆಗಿ."